ಗಾಜು ಒಡೆಯುತ್ತಿದ್ದ ದೊಡ್ಡವ್ವ

ದೊಡ್ಡವ್ವ ತೀರಿಕೊಂಡ ಸುದ್ದಿ ಬಂದಾಗ ನಾನು ಮಂಡ್ಯದ ನನ್ನ ಅಂಗಡಿಯಲ್ಲಿ ಒಂದು ಬಿಳಿ ಕಾರಿನ ಹಿಂಬಾಗಿಲಿಗೆ ಗಾಜು ಕೂರಿಸುತ್ತಿದ್ದೆ. ಆ ಗಾಜು ಒಡೆದವಳೂ ಅವಳೇ. ಹಿಂದಿನ ವಾರ ಮಳವಳ್ಳಿ ರಸ್ತೆಯ ಒಂದು ಛತ್ರದ ಮುಂದೆ ಒಡೆದಿದ್ದಳು. ಕಾರಿನ ಯಜಮಾನ ನನ್ನ ಪಕ್ಕದಲ್ಲೇ ನಿಂತು ಅವಳ ವಂಶವನ್ನೆಲ್ಲ ಎಳೆದಾಡಿ ಬೈಯುತ್ತಿದ್ದ. ನಾನು ಫೋನು ಜೇಬಿಗಿಟ್ಟು, "ನೀನ್ ಬೈತಿದ್ದೋಳು ಈಗ ಸತ್ತೋದ್ಲಂತೆ ಕಣಣ್ಣ" ಎಂದೆ. ನಾನು ಕೆಲಸ ಮುಗಿಸಿ, ಗಾಜು ಒರೆಸಿ, ಅಂಗಡಿಯ ಬಾಗಿಲು ಎಳೆದು ಊರಿಗೆ ಹೊರಟೆ.

ಅವಳ ಹೆಸರು ಬರೆಯುವುದಿಲ್ಲ. ಮದ್ದೂರು ಕಡೆಯ ಕೊಪ್ಪದ ಹತ್ತಿರದ ನಮ್ಮೂರಲ್ಲಿ ಅವಳು ಎಲ್ಲರಿಗೂ ದೊಡ್ಡವ್ವ. ಹೆಸರು ಹಿಡಿದು ಕರೆದ ಕರೆಂಟಿನವನೊಬ್ಬ ಕೆನ್ನೆ ಊದಿಸಿಕೊಂಡು ಕಂಬ ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸತ್ತ ಮೇಲೂ ಆ ಕೈಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ, ಹಾಗಾಗಿ ನನಗೂ ಏಟು ಬಿದ್ದಿವೆ. ಹುಡುಗನಾಗಿದ್ದಾಗ ಕರುವನ್ನು ಅವಳ ಕಬ್ಬಿನ ಗದ್ದೆಗೆ ಬಿಟ್ಟು ಗೋಲಿ ಆಡುತ್ತಿದ್ದೆನೆಂದು ಒಂದು ಜಲ್ಲೆ ಮುರಿದುಕೊಂಡು ಬಂದು, ಅದು ಸಿಪ್ಪೆಯಾಗುವ ತನಕ ಬಡಿದಿದ್ದಳು. ಕೆಲವರು ಹೊಡೆದಾದ ಮೇಲೆ ಕರೆದು ತಲೆ ಸವರುತ್ತಾರೆ, ಕೈಗೊಂದು ಬೆಲ್ಲದ ಚೂರು ಕೊಡುತ್ತಾರೆ. ದೊಡ್ಡವ್ವ ಅಂಥವಳಲ್ಲ. ಹೊಡೆದಳು ಅಂದರೆ ಹೊಡೆದಳು, ತಿರುಗಿ ತನ್ನ ಕೆಲಸಕ್ಕೆ ಹೋದಳು. ಡೈರಿಗೆ ನೀರು ಬೆರೆಸಿದ ಹಾಲು ತಂದವನ ತಲೆಯ ಮೇಲೆ ಆ ಹಾಲನ್ನೆಲ್ಲ ಸುರಿದು, ಖಾಲಿ ಕ್ಯಾನಿನಿಂದಲೇ ಬಾರಿಸಿದ್ದಳು. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಹೆಂಡತಿಯನ್ನು ಒದೆಯುತ್ತಿದ್ದ ಕುಡುಕನನ್ನು ಅಟ್ಟಾಡಿಸಿ ಹೊಡೆದು, ಬಿಡಿಸಲು ಬಂದ ಆ ಹೆಂಡತಿಗೂ ಎರಡು ಕೊಟ್ಟು ಬಂದಿದ್ದಳು. ಅವಳ ಗಂಡ ಬೇಗ ಸತ್ತ. ಹೆದರಿಕೆಗೇ ಸತ್ತ ಎಂದು ಊರು ಆಡಿಕೊಳ್ಳುತ್ತಿತ್ತು, ಅವಳಿಗೆ ಕೇಳಿಸದಷ್ಟು ದೂರದಲ್ಲಿ.

ಅವಳು ಕೈ ಮಾಡದೆ ಬಿಟ್ಟಿದ್ದು ಇಬ್ಬರನ್ನು. ಒಬ್ಬಳು ಸೊಸೆ. ಮದ್ದೂರಿನ ಒಂದು ಶಾಲೆಯಲ್ಲಿ ಟೀಚರ್, ಕಾರು ಓಡಿಸುತ್ತಿದ್ದಳು. ಅವಳನ್ನು ದೊಡ್ಡವ್ವ ಬಾಯಲ್ಲೇ ಸುಲಿಯುತ್ತಿದ್ದಳು. "ಮೇಡಮ್ಮೋರು ಬಂದ್ರು, ದಾರಿ ಬುಡ್ರಪ್ಪ" ಎಂದು ಬೀದಿಗೆಲ್ಲ ಕೇಳುವಂತೆ ಅನ್ನುವಳು. ಇನ್ನೊಂದು ಮೊಮ್ಮಗಳು, ಇನ್ನೂ ಮಾತು ತೊದಲುತ್ತಿದ್ದ ಕೂಸು. ಅದು ದೊಡ್ಡವ್ವನ ಮಡಿಲಲ್ಲಿ ಕೂತು, ಎರಡು ಕೈಯಲ್ಲೂ ಅವಳ ಕೆನ್ನೆಗೆ ಪಟಪಟ ಹೊಡೆಯುತ್ತಿತ್ತು. ಅವಳ ಕೆನ್ನೆಗೆ ಹೊಡೆದು ದಕ್ಕಿಸಿಕೊಂಡ ಜೀವ ನಮ್ಮೂರಲ್ಲಿ ಅದೊಂದೇ.

ನಾಲ್ಕು ಬೇಸಿಗೆಯ ಹಿಂದೆ, ನಮ್ಮಿಬ್ಬರ ಮನೆಗೂ ಬೇಕಾದವರ ಬೀಗರೂಟ ಮಳವಳ್ಳಿ ರಸ್ತೆಯ ಛತ್ರದಲ್ಲಿ ನಡೆಯಿತು. ನಮ್ಮ ಕಡೆ ಮದುವೆಗೆ ಹೋಗದಿದ್ದರೂ ನಡೆಯುತ್ತದೆ, ಆಮೇಲಿನ ಬಾಡೂಟಕ್ಕೆ ಹೋಗದಿದ್ದರೆ ಮುನಿಸು ಬರುತ್ತದೆ. ಉಣ್ಣುತ್ತಿರುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ಜನ ನಿಂತಿರುತ್ತಾರೆ. ಇಂಥ ಕಡೆ ಕೂಸುಗಳು ಹೆತ್ತವರ ಕೈಯಲ್ಲಿ ಇರುವುದೇ ಇಲ್ಲ. ಬಾಗಿಲಲ್ಲಿ ಒಬ್ಬ ಚಿಕ್ಕಮ್ಮ ಎತ್ತಿಕೊಂಡರೆ, ಅವಳಿಂದ ಸೋದರತ್ತೆಯ ಕಂಕುಳಿಗೆ, ಅಲ್ಲಿಂದ ಯಾವನೋ ಮಾವನ ಹೆಗಲಿಗೆ. ಕೂಸೆಲ್ಲಿ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ, "ಯಾರ್ ತಾವಾದ್ರೂ ಇರ್ತದೆ ಬುಡು." ಎಷ್ಟೋ ತಲೆಮಾರು ಈ ಉತ್ತರ ಸರಿಯಾಗಿಯೇ ಇತ್ತು. ಆಗ ನಾವು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದೆವು, ಗಾಡಿಗೆ ಬಾಗಿಲಿರಲಿಲ್ಲ.

ಅವತ್ತು ದೊಡ್ಡವ್ವನ ಮಗ ಡ್ಯೂಟಿಗೆ ಹೋಗಿದ್ದ. ಸೊಸೆ ಕಾರು ಓಡಿಸಿಕೊಂಡು ಬಂದು ಛತ್ರದ ಬಾಗಿಲಲ್ಲಿ ಹಿರಿಯರನ್ನು ಇಳಿಸಿದಳು. ದೊಡ್ಡವ್ವನ ತಂಗಿಗೆ ಮಂಡಿನೋವು, ಕೈಹಿಡಿದು ಇಳಿಸಬೇಕು. ದೊಡ್ಡವ್ವ ಮಡಿಲಲ್ಲಿ ನಿದ್ದೆ ಹೋಗಿದ್ದ ಕೂಸನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ ಇಳಿದಳು. ಸೊಸೆ ಎತ್ತಿಕೊಂಡು ಬರುತ್ತಾಳೆ ಅಂದುಕೊಂಡಳು. ಸೊಸೆ, ಅತ್ತೆ ಯಾವಾಗಿನಂತೆ ಹೆಗಲಿಗೆ ಹಾಕಿಕೊಂಡು ಹೋದಳು ಅಂದುಕೊಂಡಳು. ಕಾರನ್ನು ಕುಯ್ಲಾದ ಗದ್ದೆಯಲ್ಲಿ ಸಾಲಿಗೆ ನಿಲ್ಲಿಸಿ, ಬೀಗ ಒತ್ತಿ, ಸೀರೆಯ ನೆರಿಗೆ ಹಿಡಿದು ಓಡಿ ಬಂದಳು.

ನಾನು ಅವತ್ತು ಅಲ್ಲಿದ್ದೆ. ದೊಡ್ಡವ್ವ ನನ್ನ ಎದುರಿನ ಸಾಲಿನಲ್ಲಿ ಕೂತು ಮುದ್ದೆ ಮುರಿಯುತ್ತಾ, ಬಡಿಸುವವನನ್ನು ಬೈಯುತ್ತಾ ಇದ್ದಳು. ಸೊಸೆ ಇನ್ನೊಂದು ತುದಿಯಲ್ಲಿ ಯಾರೊಂದಿಗೋ ನಗುತ್ತಿದ್ದಳು. ಊಟವಾಗಿ, ಕೈತೊಳೆದು, ಎಲೆಅಡಿಕೆ ಹಾಕಿಕೊಂಡು, ಹುಡುಗಿಯ ಕಡೆಯವರ ಯೋಗಕ್ಷೇಮ ವಿಚಾರಿಸಿ ಆದ ಮೇಲೆ ಇಬ್ಬರೂ ಎದುರುಬದುರಾದರು. ಇಬ್ಬರ ಕಂಕುಳೂ ಖಾಲಿಯಿತ್ತು. ದೊಡ್ಡವ್ವನ ಬಾಯಲ್ಲಿದ್ದ ಎಲೆಅಡಿಕೆ ಎದೆಯ ಮೇಲೆ ಸುರಿದದ್ದು ನನಗೆ ಇವತ್ತಿಗೂ ಕಾಣುತ್ತದೆ.

ಅವಳು ಓಡಿದಳು. ಗದ್ದೆಯ ಬದುವಿನಿಂದ ಒಂದು ಗುಂಡುಕಲ್ಲು ಕಿತ್ತುಕೊಂಡು ಕಾರಿನ ಮುಂದಿನ ಗಾಜಿಗೆ, ಸರಿಯಾಗಿ ಮಧ್ಯಕ್ಕೆ ಬಡಿದಳು. ನಾನು ಗಾಜಿನ ಕಸುಬಿನವನು, ಆ ಸದ್ದು ಕೇಳಿಯೇ ನನ್ನ ಜೀವ ಬಾಯಿಗೆ ಬಂತು. ಮುಂದಿನ ಗಾಜು ಎರಡು ಪದರದ್ದು, ನಡುವೆ ಅಂಟಿರುತ್ತದೆ. ಎಷ್ಟು ಬಡಿದರೂ ಬಲೆಯಂತೆ ಬಿರಿಯುತ್ತದೆ, ಜಾಗ ಬಿಟ್ಟು ಬೀಳುವುದಿಲ್ಲ. "ಪಕ್ಕದ್ಕೆ ಒಡಿ ದೊಡ್ಡವ್ವ, ಪಕ್ಕದ್ಕೆ" ಎಂದು ಕೂಗುತ್ತಾ ಓಡಿದೆ. ಅವಳಿಗೆ ಕೇಳಿಸಲಿಲ್ಲ. ಬಡಿದಳು, ಬಡಿದಳು, ಕೈಯ ಚರ್ಮ ಕಿತ್ತು ಕಲ್ಲು ಕೆಂಪಾಯಿತು. ಅಷ್ಟರಲ್ಲಿ ಸೊಸೆ ಛತ್ರದೊಳಗೆ ಬಿಟ್ಟಿದ್ದ ಬ್ಯಾಗಿನಿಂದ ಕೀ ತಂದು ಒತ್ತಿದಳು. ಕಾರು ಕೀಂಕ್ ಅಂದು ಬಾಗಿಲು ಬಿಟ್ಟಿತು. ಅಷ್ಟೇ, ಒಂದು ಬೆರಳಿನ ಕೆಲಸ. ಕೂಸು ಸೀಟಿನಿಂದ ಕೆಳಗಿಳಿದು ಬಾಗಿಲಿಗೆ ಒರಗಿ ಬಿದ್ದಿತ್ತು. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಜನ ಸೇರಿದರು. ಹುಡುಗಿಯ ಕಡೆಯ ಒಬ್ಬ ದೊಡ್ಡ ಮನುಷ್ಯ, ಊಟದ ಕೈ ಇನ್ನೂ ತೊಳೆದಿರಲಿಲ್ಲ, ಸೊಸೆಯ ಕಡೆ ನೋಡಿ ಅಂದ: "ಎತ್ತೋಳ್ಗೆ ಗ್ಯಾನ ಬ್ಯಾಡ್ವಾ? ಕಾರೋಡ್ಸಕ್ಕೆ ಬತ್ತದೆ, ಮಗ ನೋಡ್ಕಳಕ್ಕೆ ಬರಾಕಿಲ್ವಾ?" ದೊಡ್ಡವ್ವನ ಕೈಯಲ್ಲಿ ಕಲ್ಲು ಇನ್ನೂ ಇತ್ತು. ಅದನ್ನು ನೇರ ಅವನ ಬಾಯಿಗೆ ಇಟ್ಟಳು. ಹಲ್ಲು ಅಂಗಿಯ ಮೇಲೆ ಬಿದ್ದವು. ಅವನನ್ನು ಕೆಡವಿ ಎದೆಯ ಮೇಲೆ ಕೂತು ಮತ್ತೆ ಕಲ್ಲು ಎತ್ತಿದವಳನ್ನು ಅಡುಗೆಯವರು ಬಂದು ಹಿಡಿದು ಎಳೆದರು. ಕೂಸನ್ನು ಆಸ್ಪತ್ರೆಗೆ ಒಯ್ದ ಮೇಲೆ ಅವಳು ಅಲ್ಲೇ ಉಳಿದು ಆ ಕಾರಿನ ಉಳಿದ ಗಾಜು, ದೀಪ, ಕನ್ನಡಿ ಎಲ್ಲವನ್ನೂ ಪುಡಿ ಮಾಡಿದಳು. ಯಾರೂ ತಡೆಯಲು ಹೋಗಲಿಲ್ಲ. ಒಳಗೆ ಎರಡನೇ ಪಂಕ್ತಿ ಎಬ್ಬಿಸಬೇಕೋ ಬೇಡವೋ ಎಂದು ಗುಸುಗುಸು ನಡೆದಿತ್ತು.

ಸರ್ಕಾರ ಮಾರನೇ ದಿನವೇ ಮನೆಗೆ ಬಂತು. ಬಂದದ್ದು ಸೊಸೆಯ ಮೇಲೆ ಕೇಸು ಹಾಕುವುದಕ್ಕೆ. ನಿರ್ಲಕ್ಷ್ಯದಿಂದ ಮಗುವಿನ ಸಾವು. ಕಾನೂನು ಅಂದ ಮೇಲೆ ಹಾಗೇ ಇರುತ್ತದೆ, ಬೀಗ ಒತ್ತಿದ ಬೆರಳು ಯಾರದೋ ಅವರ ಮೇಲೆ.

ಠಾಣೆಯಿಂದ ವಾಪಸ್ ಬಂದ ಕಾರು ಅವರ ಹಿತ್ತಲಲ್ಲಿ ಗಾಜಿಲ್ಲದೆ ನಿಂತಿತ್ತು. ನಾನು ಊರಿಗೆ ಹೋಗಿದ್ದ ಒಂದು ಮಧ್ಯಾಹ್ನ, ಗೋಡೆಯಾಚೆ ಕೂಗಾಟ ಕೇಳಿ ನಾನು ಹೋಗಿ ನೋಡಿದೆ. ಸೊಸೆ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು, ದಿನಾ ಬಿಸಿಲೇರಿದ ಮೇಲೆ ಬಂದು ಹಾಗೆ ಕೂರುತ್ತಿದ್ದಳಂತೆ. ದೊಡ್ಡವ್ವ ಅವಳ ಜುಟ್ಟು ಹಿಡಿದು ಹೊರಗೆಳೆದು, ನೆಲಕ್ಕೆ ಕೆಡವಿ ಹೊಡೆಯುತ್ತಿದ್ದಳು. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಏಳೇ. ಸಾಯ್ಬೇಕಂದ್ರೆ ನಾನ್ ಸಾಯ್ಬೇಕು. ಕೂಸು ನನ್ ಮಡ್ಲಲ್ಲಿತ್ತು. ಸೀಟ್ ಮ್ಯಾಲೆ ಮನುಗ್ಸಿ ಇಳ್ದೋಳು ನಾನು. ಅದು ಒಳಗೆ ಬೇಯ್ತಿದ್ರೆ ಮುದ್ದೆ ಮುರೀತಿದ್ದೋಳು ನಾನು. ನೀನಲ್ಲ ಕಣೆ, ನಾನು."

ಹೊಡೆಯುತ್ತಲೇ ಹೇಳಿದಳು. ಆಮೇಲೆ ಸೊಸೆಯೂ ಅವಳಿಗೆ ತಿರುಗಿ ಹೊಡೆದಳು. ಇಬ್ಬರೂ ಮಣ್ಣಲ್ಲಿ ಹೊರಳಾಡಿ ಕೊನೆಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂತರು. ನಾನು ಬಿಡಿಸಲು ಹೋಗಲಿಲ್ಲ, ಗೋಡೆಗೆ ಒರಗಿ ಅತ್ತುಬಿಟ್ಟೆ. ಅದೇ ಸಂಜೆ ಎಳೆಯುವ ಗಾಡಿ ತರಿಸಿ ಕಾರನ್ನು ಗುಜರಿಗೆ ಸಾಗಿಸಿದರು.

ಸ್ವಲ್ಪ ದಿನದ ಮೇಲೆ ದೊಡ್ಡವ್ವ ನನ್ನ ಅಂಗಡಿಗೆ ಬಂದಳು. ಕೂತ್ಕೋ ಅಂದರೆ ಕೂರಲಿಲ್ಲ. ಗೋಡೆಗೆ ಒರಗಿಸಿದ್ದ ಗಾಜುಗಳನ್ನು ನೋಡುತ್ತಾ ನಿಂತು ಕೇಳಿದಳು: "ಎಲ್ಗೆ ಒಡುದ್ರೆ ಪುಡಿಯಾಯ್ತದ್ಲಾ ಇದು?"

ಅಂಗಡಿಯ ಹಿಂದೆ ಹಳೆಯ ಬಾಗಿಲೊಂದು ಬಿದ್ದಿತ್ತು, ಗಾಜು ಇನ್ನೂ ಅದರಲ್ಲೇ ಇತ್ತು. ಅದನ್ನು ನಿಲ್ಲಿಸಿ ತೋರಿಸಿದೆ. "ಮುಂದಿನ್ ಗಾಜಿನ್ ತಂಟೆಗೆ ಓಗ್ಬ್ಯಾಡ. ಪಕ್ಕದ ಬಾಗ್ಲು. ಮಧ್ಯಕ್ಕಲ್ಲ, ಮೂಲೆಗೆ. ಗುಂಡುಕಲ್ಲಲ್ಲ, ಚೂಪಾಗಿರೋದು ಬೇಕು." ಒಂದು ಕಡೆ ಚೂಪಿದ್ದ ಚಿಕ್ಕ ಸುತ್ತಿಗೆ ಕೊಟ್ಟೆ. ಮೂಲೆಗೆ ಒಂದೇ ಏಟು, ಇಡೀ ಗಾಜು ಹರಳುಪ್ಪಿನಂತೆ ಸುರಿದುಹೋಯಿತು. ಅವಳು ಬಗ್ಗಿ ಒಂದು ಹಿಡಿ ಹರಳು ಎತ್ತಿ ನೋಡಿದಳು. "ಇಷ್ಟೇಯಾ" ಅಂದಳು. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು, ಕೊಡ್ತೀಯಾ ಅಂತಲೂ ಕೇಳಲಿಲ್ಲ.

ಅಲ್ಲಿಂದಾಚೆಗೆ ಮದ್ದೂರು, ಮಳವಳ್ಳಿ, ಮಂಡ್ಯ ಸುತ್ತಿನ ಯಾವ ಛತ್ರದ ಬೀಗರೂಟವೂ ಅವಳಿಲ್ಲದೆ ನಡೆಯಲಿಲ್ಲ. ಕರೆದಿರಲಿ ಬಿಟ್ಟಿರಲಿ, ಬಸ್ಸು ಹಿಡಿದು ಬರುವಳು. ಒಳಗೆ ಕಾಲಿಡುತ್ತಿರಲಿಲ್ಲ, ಒಂದು ತುತ್ತು ಉಣ್ಣುತ್ತಿರಲಿಲ್ಲ. ಕಾರಿನ ಸಾಲುಗಳ ನಡುವೆ ನಡೆದು ಪ್ರತಿ ಗಾಜಿಗೂ ಹಣೆ ಹಚ್ಚಿ, ಎರಡೂ ಕೈ ಮರೆ ಮಾಡಿ ಒಳಗೆ ನೋಡುವಳು. ಒಳಗೆ ಚಿಕ್ಕದೇನಾದರೂ ಮಲಗಿದಂತೆ ಕಂಡರೆ ಆಯಿತು, ಸುತ್ತಿಗೆ ಮೂಲೆಗೆ ಬೀಳುತ್ತಿತ್ತು. ತಪ್ಪೂ ಮಾಡಿದಳು. ಒಮ್ಮೆ ಒಳಗಿದ್ದದ್ದು ಕಂಬಳಿ ಹೊದಿಸಿದ್ದ ಬೊಂಬೆ. ಒಮ್ಮೆ ಎ.ಸಿ. ಹಾಕಿಕೊಂಡು ಅಜ್ಜಿಯೂ ಮೊಮ್ಮಗನೂ ನೆಮ್ಮದಿಯಾಗಿ ಮಲಗಿದ್ದರು. ಆ ಮದುವೆಯ ಗಂಡಿನ ಕಡೆಯವರು ಅವಳನ್ನು ಗದ್ದೆಯಲ್ಲಿ ಕೆಡವಿ ತುಳಿದರು. ಅವಳ ಪಕ್ಕೆಲುಬು ಮುರಿಯಿತು. ಅವಳು ಒಬ್ಬನ ಹೆಬ್ಬೆರಳನ್ನು ಕಚ್ಚಿ ಹಿಡಿದವಳು ಪೊಲೀಸರು ಬರುವವರೆಗೂ ಬಿಡಲಿಲ್ಲ. ಒಡೆದ ಗಾಜಿನವರೆಲ್ಲ ನನ್ನ ಅಂಗಡಿಗೇ ಬರುತ್ತಿದ್ದರು. ನಾನೇ ಅವಳನ್ನು ಛೂ ಬಿಟ್ಟು ವ್ಯಾಪಾರ ಮಾಡುತ್ತಿದ್ದೇನೆಂದು ಮಂಡ್ಯದಲ್ಲಿ ಅರ್ಧ ಜನ ನಂಬಿದ್ದರು.

ಹನಕೆರೆಯ ಹತ್ತಿರ ಒಂದು ಸಲ ಅವಳ ಏಟು ಸರಿಯಾದ ಕಡೆ ಬಿತ್ತು. ಬೀಗ ಹಾಕದ ಕಾರಿಗೆ ಆಟಕ್ಕೆಂದು ತಾನೇ ಹತ್ತಿಕೊಂಡ ಮಗುವೊಂದು ಬಾಗಿಲು ತೆಗೆಯಲು ತಿಳಿಯದೆ ಒಳಗೆ ಬೆವತು ಬಾಡಿ ಬಿದ್ದಿತ್ತು. ಗಾಜು ಪುಡಿಯಾಗಿ ಅದರ ಮೇಲೆ ಸುರಿಯಿತು, ಅದು ಕಿಟಾರನೆ ಕಿರುಚಿತು. ಓಡಿ ಬಂದ ಅಪ್ಪ ಮೊದಲು ನೋಡಿದ್ದು ಗಾಜನ್ನು. ದೊಡ್ಡವ್ವನ ಕಪಾಳಕ್ಕೆ ಬಿಟ್ಟ, ಆಮೇಲೆ ಮಗುವನ್ನು ಕಂಡ. ಮಾರನೇ ದಿನ ಅದೇ ಮನುಷ್ಯ ನನ್ನ ಅಂಗಡಿಗೆ ಬಂದು, "ಆ ಉಚ್ಚು ಮುದ್ಕಿಗೆ ಏಳೋರ್ ಕೇಳೋರ್ ಯಾರೂ ಇಲ್ವಾ" ಎಂದು ಶುರು ಮಾಡಿದ. ಅವನ ಕೀ ಕಿತ್ತುಕೊಂಡು ರಸ್ತೆಗೆ ಎಸೆದೆ. ಅವನು ನನ್ನ ಕಾಲರ್ ಹಿಡಿದ, ನಾನು ಅವನ ಮೂಗಿಗೆ ಗುದ್ದಿದೆ. ಜೀವನದಲ್ಲಿ ನಾನು ಗಿರಾಕಿಗೆ ಹೊಡೆದದ್ದು ಅದೊಂದೇ ಸಲ, ಅದರ ಬಗ್ಗೆ ನನಗೆ ಇವತ್ತಿಗೂ ಸಂತೋಷವಿದೆ.

ಹಾಗೆಂದು ಅವಳ ಎಲ್ಲ ಮಾತನ್ನೂ ನಾನು ಒಪ್ಪಿದ್ದೆ ಎಂದಲ್ಲ. ಅಹವಾಲು ಕೇಳುವ ದಿನ ಮಂಡ್ಯದ ಒಂದು ಕಚೇರಿಗೆ ಅವಳ ಜೊತೆ ಹೋಗಿದ್ದೆ. ಒಳಗಿದ್ದ ಅಧಿಕಾರಿ ಕೆಟ್ಟವರೇನಲ್ಲ, ಎದ್ದು ನಿಂತು ಕುರ್ಚಿ ತೋರಿಸಿದರು.

"ಛತ್ರಕ್ಕೆ ಲೈಸೆನ್ಸ್ ಕೊಡೋವಾಗ ಒಂದ್ ಮಾತು ಸೇರ್ಸಿ ಸ್ವಾಮಿ" ಅಂದಳು ದೊಡ್ಡವ್ವ. "ಎಲೆ ಆಕೋಕೆ ಮುಂಚೆ ಒಬ್ಬ ಆಳು ಎಲ್ಲಾ ಕಾರ್ ಒಳಕ್ಕೂ ಬಗ್ಗಿ ನೋಡ್ಕಂಡ್ ಬರ್ಬೇಕು. ನೋಡ್ನಿಲ್ಲ ಅಂದ್ರೆ ಛತ್ರಕ್ಕೆ ಬೀಗ. ಇನ್ನೊಂದು, ನನ್ ಸೊಸೆ ಮ್ಯಾಲಿನ್ ಕೇಸು ತಗೀರಿ."

ಅವರು ಸಮಾಧಾನದಿಂದಲೇ ಹೇಳಿದರು. "ಕೇಸು ಕೋರ್ಟಿನಲ್ಲಿದೆ ತಾಯಿ, ಅದು ನನ್ನ ಕೈಲಿಲ್ಲ. ಇನ್ನು ಮಗು ಮರೀಬೇಡಿ ಅಂತ ಸರ್ಕಾರ ಹೇಳಿಕೊಡಬೇಕಾ? ಇವತ್ತು ಕಾರು ಅಂತೀರಿ, ನಾಳೆ ಬಾವಿ, ಕೆರೆ, ಒಲೆ. ಒಬ್ಬೊಬ್ಬರ ಮಡಿಲಿಗೂ ಒಬ್ಬೊಬ್ಬ ಪೊಲೀಸನ್ನ ಕೂರಿಸೋಕಾಗುತ್ತಾ? ಹೆತ್ತವರಿಗೆ ಇರಬೇಕಾದ ಎಚ್ಚರ ಅದು."

ಒಳಗೊಳಗೇ ನಾನು ಅವರ ಕಡೆಗಿದ್ದೆ. ನನ್ನ ಮಕ್ಕಳನ್ನು ನಾನು ಮರೆತವನಲ್ಲ, ಮರೆಯುವವರಿಗೆಲ್ಲ ಸರ್ಕಾರ ಏಕೆ ಕಾವಲು ಕೂರಬೇಕು ಎನ್ನಿಸುತ್ತಿತ್ತು.

ದೊಡ್ಡವ್ವ ಬಗ್ಗಿ ಅವರ ಮೇಜಿನ ಮೇಲೆ ಕೈಯೂರಿದಳು. "ಕೊಳವೆಬಾವಿಗೆ ಮುಚ್ಳ ಆಕಿ ಅಂತ ಊರೂರ್ಗೆ ಟಾಂ ಟಾಂ ಒಡುಸ್ತೀರ. ಕೂಸು ಬೀಳ್ತದೆ ಅಂತ ತಾನೆ? ಆವಾಗ ಎತ್ತೋರ್ ಎಚ್ರ ಎಲ್ಗೋಗಿತ್ತು? ಗಾಜ್ಗೆ ಕಪ್ ಕಾಗ್ದ ಅಂಟ್ಸವ್ರಾ ಅಂತ ನಡು ರೋಡ್ನಲ್ಲಿ ಕಾರ್ ನಿಲ್ಸಿ ಬಗ್ ಬಗ್ಗಿ ನೋಡ್ತೀರ. ಅದೇ ಸೊಂಟ ತಾನೆ, ಒಳಗೆ ಕೂಸದಾ ಅಂತ ಬಗ್ಗಕ್ಕೆ ಏನ್ ರೋಗ ನಿಮ್ಗೆ? ಸತ್ತ ಮ್ಯಾಲೆ ಕೇಸ್ ಆಕೋಕೆ ಗೌರ್ಮೆಂಟ್ ಅದೆ. ಸಾಯೋಕ್ ಮುಂಚೆ ಎಲ್ಲಿರ್ತದೆ ಅದು?"

ಅವರು ಪರಿಶೀಲಿಸುತ್ತೇವೆ ಎಂದರು. ಆ ಮಾತು ಕೇಳಿದ್ದೇ ತಡ, ಸುತ್ತಿಗೆ ಸೊಂಟದಿಂದ ಹೊರಗೆ ಬಂದು ಮೇಜಿನ ಮೇಲಿನ ಗಾಜಿನ ಮೂಲೆಗೆ ಬಿತ್ತು. ಅದು ಕಾರಿನ ಗಾಜಲ್ಲ, ಸಾದಾ ಗಾಜು, ಹರಳಾಗುವುದಿಲ್ಲ. ಮಚ್ಚಿನಂಥ ತುಂಡುಗಳಾಗಿ ಎದ್ದು ಒಂದು ಚೂರು ಅವರ ಅಂಗೈ ಸೀಳಿತು. ಕಡತಗಳ ಮೇಲೆಲ್ಲ ರಕ್ತ. ದೊಡ್ಡವ್ವನಿಗೆ ಜೈಲಾಯಿತು. ಜೈಲಿನಲ್ಲೂ ಯಾರಿಗೋ ಹೊಡೆದಳೆಂದು ಕೇಳಿದೆ.

ಬಿಡುಗಡೆಯಾಗಿ ಬಂದವಳು ಮಾರನೇ ದಿನವೇ ಸೊಸೆಯ ಕೇಸಿಗೆ ಮದ್ದೂರಿನ ಕೋರ್ಟಿಗೆ ಹೋಗಿ, ಯಾರೂ ಕರೆಯದೆ ಕಟಕಟೆ ಹತ್ತಿ, "ಇವ್ಳಲ್ಲ, ನಾನು. ನಮ್ ಇಡೀ ಪಂಕ್ತಿ" ಎಂದಳು. ಇಳಿಸಿ ಕಳಿಸಿದರು. ಸೊಸೆಯ ವಕೀಲರು ದೊಡ್ಡವ್ವನನ್ನು ಸಾಕ್ಷಿ ಮಾಡಲು ಅರ್ಜಿ ಹಾಕಿದರು, ಅದಕ್ಕೂ ದಿನ ಮುಂದಕ್ಕೆ ಹೋಯಿತು. ಆ ಕೇಸು ಇವತ್ತಿಗೂ ನಡೆಯುತ್ತಿದೆ. ಛತ್ರದ ಅರ್ಜಿ ಯಾವ ಮೇಜಿನ ಮೇಲಿದೆಯೋ ನನಗೆ ಗೊತ್ತಿಲ್ಲ.

ಅವಳು ಸತ್ತ ಬಗೆಯನ್ನೂ ಹೇಳಬೇಕು. ಅದೇ ಮಳವಳ್ಳಿ ರಸ್ತೆಯ ಛತ್ರದ ಮುಂದೆ, ಉರಿಬಿಸಿಲಲ್ಲಿ, ಎರಡು ಕಾರುಗಳ ನಡುವೆ ಕುಸಿದುಬಿದ್ದಿದ್ದಾಳೆ. ಒಳಗೆ ಸಾವಿರಾರು ಜನ ಉಣ್ಣುತ್ತಿದ್ದರು. ಕೊನೆಯ ಪಂಕ್ತಿ ಎದ್ದು, ಯಾರೋ ಕಾರು ಹಿಂದಕ್ಕೆ ತೆಗೆಯಲು ಬಂದಾಗ ಕಣ್ಣಿಗೆ ಬಿದ್ದಿದ್ದಾಳೆ. ಅಲ್ಲಿಯವರೆಗೆ ಆ ಕಡೆ ಯಾರೂ ಬಗ್ಗಿ ನೋಡಿರಲಿಲ್ಲ.

ಹನ್ನೊಂದನೇ ದಿನದ ತಿಥಿಗೆ ಮಂಡ್ಯದಿಂದ ನಾನು, ಹೆಂಡತಿ, ಮಗಳು, ಅವಳ ಕೂಸು ಹೊರಟೆವು. ಊಟ ಊರಾಚೆಯ ತೋಪಿನಲ್ಲಿ, ಕಾರು ನಿಲ್ಲಿಸಲು ಪಕ್ಕದ ಗದ್ದೆ. ಹೆಂಡತಿ ಮತ್ತು ಮಗಳನ್ನು ತೋಪಿನ ಬಾಗಿಲಲ್ಲಿ ಇಳಿಸಿ, ಕಾರು ನಿಲ್ಲಿಸಿ ಬಂದೆ. ದೊಡ್ಡವ್ವನ ಫೋಟೋಗೆ ಕೈ ಮುಗಿದು ಪಂಕ್ತಿಯಲ್ಲಿ ಕೂತೆ. ಎಲೆ ಹಾಕಿದ್ದರು, ಬಡಿಸಲು ಬಕೆಟ್ ಹಿಡಿದವರು ಸಾಲಾಗಿ ನಿಂತಿದ್ದರು. ಯಾರೂ ಬಡಿಸುತ್ತಿರಲಿಲ್ಲ. "ಮೇಡಮ್ಮೋರು ಬರೋವರ್ಗೂ ಬಡುಸ್ಬ್ಯಾಡಿ ಅಂದವ್ರೆ" ಎಂದ ಪಕ್ಕದವನು. ಸೊಸೆ ಸೊಂಟಕ್ಕೆ ಸುತ್ತಿಗೆ ಸಿಕ್ಕಿಸಿಕೊಂಡು ಗದ್ದೆಯ ಕಡೆ ಹೋಗಿದ್ದಳು. ಸರ್ಕಾರ ನಿಯಮ ಬರೆಯದಿದ್ದರೂ ಒಂದು ಪಂಕ್ತಿಯಾದರೂ ಕಾಯುತ್ತಿದೆಯಲ್ಲ ಅಂದುಕೊಂಡೆ.

ಅಷ್ಟರಲ್ಲಿ ಗದ್ದೆಯ ಕಡೆಯಿಂದ ಗಾಜು ಒಡೆದ ಸದ್ದು ಬಂತು. ಪಕ್ಕದ ಬಾಗಿಲು, ಸರಿಯಾಗಿ ಮೂಲೆಗೆ, ಒಂದೇ ಏಟು. ಕಸುಬಿನವನಿಗೆ ಅದು ತಿಳಿಯುತ್ತದೆ, ಒಳ್ಳೆಯ ಏಟು ಎಂದು ಮೆಚ್ಚಿಕೊಂಡೆ ಕೂಡ. ಮೆಚ್ಚಿಕೊಳ್ಳುತ್ತಲೇ ಎದುರಿನ ಸಾಲಿನಲ್ಲಿ ಕೂತಿದ್ದ ಹೆಂಡತಿಯ ಕಡೆ ನೋಡಿದೆ. ಅವಳ ಮಡಿಲು ಖಾಲಿಯಿತ್ತು. ಪಕ್ಕದಲ್ಲಿದ್ದ ಮಗಳ ಮಡಿಲೂ ಖಾಲಿಯಿತ್ತು.

"ಕೂಸೆಲ್ಲೇ?" ಅಂದೆ.

"ಯಾರ್ ತಾವಾದ್ರೂ" ಎಂದು ಶುರು ಮಾಡಿದ ಹೆಂಡತಿ ಅಲ್ಲಿಗೇ ನಿಲ್ಲಿಸಿದಳು.

ಎಲೆ ತುಳಿದುಕೊಂಡು ಓಡಿದೆವು. ಸೊಸೆ ಗದ್ದೆಯ ಬದು ದಾಟಿ ಬರುತ್ತಿದ್ದಳು. ಅವಳ ತೋಳಿನಲ್ಲಿ ನನ್ನ ಮೊಮ್ಮಗ, ಬೆವರಿನಲ್ಲಿ ತೊಯ್ದು, ಕೂದಲ ತುಂಬ ಗಾಜಿನ ಹರಳು ತುಂಬಿಕೊಂಡು, ಊರು ಕಿತ್ತುಹೋಗುವಂತೆ ಅಳುತ್ತಿದ್ದ. ಅವನನ್ನು ಮಗಳ ಕೈಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟೂ ಜನರೆದುರು, ನನ್ನ ಕಪಾಳಕ್ಕೆ ಬಾರಿಸಿದಳು. ಕಣ್ಣು ಕತ್ತಲಿಟ್ಟಿತು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇನ್ನೂ ನೋಡದ ಕಾರುಗಳಿದ್ದವು, ತಿರುಗಿ ಅತ್ತ ನಡೆದಳು.